ಓದುಗರ ಪ್ರಶ್ನೆ: ರೈಲು ಪ್ರಯಾಣಿಕರ ಹಳೆಯ ಕೈಪಿಡಿಗಳು

ಪ್ರಶ್ನೆ: ನಮ್ಮ ತಾತ ಅರಸೀಕೆರೆ ಜಂಕ್ಷನ್ನಿನಲ್ಲಿ ಕೊಂಡಿದ್ದ ಹಳೆಯ ರೈಲ್ವೆ ವೇಳಾಪಟ್ಟಿಯೊಂದು ಟ್ರಂಕಿನಲ್ಲಿ ಸಿಕ್ಕಿತು. ಎಲ್ಲಿ ಕುಡಿಯುವ ನೀರು ಸಿಗುತ್ತದೆ, ಎಲ್ಲಿ ಕಾಫಿ ಚೆನ್ನಾಗಿರುತ್ತದೆ ಎಂದು ಅವರು ಅದರ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದ್ದಾರೆ. ಅಮೆರಿಕದಲ್ಲಿ ಖಂಡವನ್ನು ದಾಟುವ ರೈಲು ಆರಂಭವಾದಾಗ ಇಂಥ ವಿವರಗಳ ಕೈಪಿಡಿಗಳೇ ಅಚ್ಚಾಗುತ್ತಿದ್ದವಂತೆ. ಅವುಗಳಲ್ಲಿ ಏನಿರುತ್ತಿತ್ತು? ಅವುಗಳನ್ನು ಎಷ್ಟು ನಂಬಬಹುದು?
– ಓದುಗರು, ಹಾಸನ

ಉತ್ತರ: ನೀವು ಓದಿದ್ದು ನಿಜ. ಪೂರ್ವದಿಂದ ಬಂದ ಯೂನಿಯನ್ ಪೆಸಿಫಿಕ್ ಕಂಪನಿಯ ಹಳಿಯೂ ಪಶ್ಚಿಮದಿಂದ ಬಂದ ಸೆಂಟ್ರಲ್ ಪೆಸಿಫಿಕ್ ಕಂಪನಿಯ ಹಳಿಯೂ ಯೂಟಾದ ಪ್ರೊಮಾಂಟರಿಯಲ್ಲಿ ಕೂಡಿದ್ದು 1869ರ ಮೇ 10ರಂದು. ಅದೇ ವರ್ಷ ಜಾರ್ಜ್ ಕ್ರೋಫಟ್ ಎಂಬ ಪ್ರಕಾಶಕರು ಈ ಮಾರ್ಗದ ಕೈಪಿಡಿಯನ್ನು ಹೊರತಂದರು. ಅದುವರೆಗೆ ತಿಂಗಳುಗಟ್ಟಲೆ ಹಿಡಿಯುತ್ತಿದ್ದ ದಾರಿ ಒಂದು ವಾರಕ್ಕೆ ಇಳಿದಿತ್ತಾದರೂ, ಕಿಟಕಿಯಾಚೆ ಕಾಣುವ ಬಯಲಿನ ಹೆಸರೇನು, ಮುಂದಿನ ಊಟ ಎಲ್ಲಿ ಎಂಬುದು ಹೊಸ ಪ್ರಯಾಣಿಕರಿಗೆ ಗೊತ್ತಿರಲಿಲ್ಲ.

ಕೈಪಿಡಿ ಹಳಿಯ ಜೊತೆಜೊತೆಗೇ ಸಾಗುತ್ತಿತ್ತು: ನಿಲ್ದಾಣದ ಹೆಸರು, ಯೂನಿಯನ್ ಪೆಸಿಫಿಕ್ ಹಳಿ ಹೊರಡುವ ಒಮಾಹಾ ಊರಿನಿಂದ ಅದಕ್ಕಿರುವ ದೂರ, ಸಮುದ್ರಮಟ್ಟದಿಂದ ಎತ್ತರ, ಆಮೇಲೆ ಆ ಊರಿನ ನಾಲ್ಕು ಮಾತು. ಶರ್ಮನ್ ನಿಲ್ದಾಣಕ್ಕೆ ಬಂದಾಗ ತಾವು ಸುಮಾರು 549 ಮೈಲಿ ದಾಟಿ 8,200 ಅಡಿಗೂ ಮೇಲೆ ಏರಿದ್ದೇವೆಂದು ಓದುಗರಿಗೆ ತಿಳಿಯುತ್ತಿತ್ತು. ನಮ್ಮಲ್ಲಿ ಸಕಲೇಶಪುರ ದಾಟಿ ಘಾಟಿಗೆ ಇಳಿಯುವ ಗಾಡಿಯಲ್ಲಿ ಯಾವ ಕಡೆಯ ಕಿಟಕಿ ಹಿಡಿಯಬೇಕೆಂದು ಕೇಳುವವರಿಗೆ ಇಂಥ ಪುಸ್ತಕದ ಬೆಲೆ ಹೇಳಬೇಕಾಗಿಲ್ಲ. ಊಟದ ಮಾಹಿತಿಯಂತೂ ಅತ್ಯಗತ್ಯವಾಗಿತ್ತು. ಆ ಗಾಡಿಗಳಲ್ಲಿ ಸಾಮಾನ್ಯವಾಗಿ ಊಟದ ಬೋಗಿ ಇರುತ್ತಿರಲಿಲ್ಲವಾದ್ದರಿಂದ, ಗೊತ್ತಾದ ನಿಲ್ದಾಣದಲ್ಲಿ ಇಳಿದು ಅರ್ಧ ಗಂಟೆಯೊಳಗೆ ಉಂಡು ಹತ್ತಬೇಕಿತ್ತು. ಒಂದೊಂದು ಕಂಪನಿಯೂ ತನ್ನದೇ ಗಡಿಯಾರವನ್ನು ಅನುಸರಿಸುತ್ತಿದ್ದುದು ಇನ್ನೊಂದು ತೊಡಕು. ಅಲ್ಲಿನ ರೈಲುಗಳು ವಲಯವಾರು ಏಕರೂಪ ಸಮಯಕ್ಕೆ ಬಂದದ್ದು 1883ರ ನವೆಂಬರ್ 18ರಂದು.

ನಂಬಿಕೆಯ ವಿಷಯಕ್ಕೆ ಬಂದರೆ, ದೂರ, ಎತ್ತರ, ಊಟದ ತಾಣಗಳ ಮಟ್ಟಿಗೆ ಅವು ಬಹುಮಟ್ಟಿಗೆ ಉಪಯುಕ್ತವಾಗಿದ್ದವು, ಆದರೆ ಬೇಗ ಹಳತಾಗುತ್ತಿದ್ದವು. ಒಮಾಹಾದ ಬಳಿ ಮಿಸ್ಸೌರಿ ನದಿಗೆ ರೈಲು ಸೇತುವೆಯಾದದ್ದು 1872ರಲ್ಲಿ. ಅದಕ್ಕೆ ಮೊದಲಿನ ಪ್ರತಿಯನ್ನು ಹಿಡಿದವರು ನದಿ ದಾಟುವ ದೋಣಿಯ ವಿವರವನ್ನೇ ಓದುತ್ತಿದ್ದರು. ಜನರ ಕುರಿತ ಮಾತುಗಳನ್ನು ಮಾತ್ರ ಬಹಳ ಎಚ್ಚರದಿಂದ ಓದಬೇಕು; ಪ್ರಕಾಶಕರ ದೃಷ್ಟಿ ಎಂಥದೆಂಬುದನ್ನು ಒಂದು ಚಿತ್ರವೇ ತೋರಿಸುತ್ತದೆ. ಕ್ರೋಫಟ್ ಅವರು 1872ರಲ್ಲಿ ಜಾನ್ ಗ್ಯಾಸ್ಟ್ ಎಂಬ ಚಿತ್ರಕಾರರಿಂದ ಬರೆಸಿದ ಚಿತ್ರದಲ್ಲಿ, ಬಿಳಿಯುಡುಗೆಯ ಹೆಣ್ಣೊಬ್ಬಳು ಒಂದು ಕೈಯಲ್ಲಿ ಪುಸ್ತಕ ಹಿಡಿದು, ಟೆಲಿಗ್ರಾಫ್ ತಂತಿಯನ್ನು ಎಳೆಯುತ್ತ ಪಶ್ಚಿಮಕ್ಕೆ ತೇಲಿ ಬರುತ್ತಾಳೆ; ಅವಳ ಹಿಂದೆ ರೈಲುಗಳಿವೆ, ಮುಂದೆ ಕತ್ತಲ ಅಂಚಿನಲ್ಲಿ ಮೂಲನಿವಾಸಿಗಳೂ ಕಾಡೆಮ್ಮೆಗಳೂ ಓಡಿಹೋಗುತ್ತಿವೆ. ನೆಲ ಕಳೆದುಕೊಂಡವರ ಕಡೆಯಿಂದ ನೋಡುವ ಕಣ್ಣು ಆ ಚಿತ್ರದಲ್ಲಿಲ್ಲ. ಸಿಯೆರಾ ಪರ್ವತವನ್ನು ಕಡಿದು ಹಳಿ ಹಾಸಿದ ಹತ್ತು ಸಾವಿರಕ್ಕೂ ಹೆಚ್ಚು ಚೀನೀ ಕೂಲಿಕಾರರು ಅದರಲ್ಲಿ ಎಲ್ಲೂ ಕಾಣುವುದಿಲ್ಲ. ಇದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಅಚ್ಚಾದ ಕೈಪಿಡಿಯಲ್ಲಿ ಸಿಗದದ್ದು, ಅಂದರೆ ಒಬ್ಬ ಪ್ರಯಾಣಿಕ ತಾನೇ ಕುಡಿದು ನೋಡಿ ಬರೆದ ಮಾತು, ನಿಮ್ಮ ತಾತನ ಪುಸ್ತಕದಲ್ಲಿದೆ. ಪೆನ್ಸಿಲಿನ ಬರಹ ಮಾಸುವ ಮುನ್ನ ಪ್ರತಿ ಪುಟದ ಫೋಟೊ ತೆಗೆದಿಡಿ, ಯಾರು ಹೇಳಿದರೂ ಲ್ಯಾಮಿನೇಷನ್ ಮಾಡಿಸಬೇಡಿ.