ಅದೇ ಮಾತಿಗೆ ಮತ್ತೆ ಮತ್ತೆ ನಗುವುದೇಕೆ?

ಪ್ರಶ್ನೆ: ಲಂಡನ್ನಿನ ಮಗಳ ಮನೆಗೆ ಹೋದಾಗ ಅಳಿಯಂದಿರು ‘ದ ಫಾಸ್ಟ್ ಶೋ’ ಅನ್ನುವ ಹಳೆಯ ಹಾಸ್ಯ ಕಾರ್ಯಕ್ರಮ ಹಾಕಿ ಬಿದ್ದು ಬಿದ್ದು ನಕ್ಕರು. ಅದೇ ಜನ, ಪ್ರತಿ ಸಲ ಅದೇ ಮಾತು. ಅದರಲ್ಲಿ ನಗುವಂಥದ್ದು ಏನಿದೆ?
— ಓದುಗರೊಬ್ಬರು, ಮೈಸೂರು

ಉತ್ತರ: ನಾನು ಅಳಿಯಂದಿರ ಪಕ್ಷ, ಮೊದಲೇ ಹೇಳಿಬಿಡುತ್ತೇನೆ.

ಬಿಬಿಸಿ ಟೂನಲ್ಲಿ 1994ರಲ್ಲಿ ಶುರುವಾದದ್ದು ಇದು. ಬರೆದವರಲ್ಲಿ ಮುಖ್ಯರಾದ ಪಾಲ್ ವೈಟ್‌ಹೌಸ್, ಚಾರ್ಲಿ ಹಿಗ್ಸನ್ ನಟರೂ ಹೌದು. ಬೇರೊಂದು ಕಾರ್ಯಕ್ರಮದ ತುಣುಕುಗಳನ್ನು ಪಟಪಟನೆ ಜೋಡಿಸಿದ ಟೇಪ್ ನೋಡಿ, ಪೂರ್ತಿ ಹೀಗೇ ಮಾಡಿದರೆ ಹೇಗೆ ಅಂದುಕೊಂಡರಂತೆ. ಹಾಗಾಗಿ ಕೆಲವು ಸ್ಕೆಚ್, ಅಂದರೆ ಪುಟ್ಟ ಹಾಸ್ಯ ಪ್ರಸಂಗ, ಅರ್ಧ ನಿಮಿಷವೂ ಇಲ್ಲ. ಒಬ್ಬ ಶೆಡ್ಡಿನಿಂದ ಹೊರಗೆ ಬರುತ್ತಾನೆ, ಈ ವಾರ ತಾನು ಜಾಸ್ತಿ ತಿಂದದ್ದು ಏನು ಅಂತ ಹೇಳುತ್ತಾನೆ, ಹೋಗುತ್ತಾನೆ. ಅಷ್ಟೇ! (ಆ ನಟ ಮಾರ್ಕ್ ವಿಲಿಯಮ್ಸ್. ಹ್ಯಾರಿ ಪಾಟರ್ ಸಿನಿಮಾಗಳಲ್ಲಿ ರಾನ್‌ನ ಅಪ್ಪ ಇವರೇ.)

ಮಾತು ಗೊತ್ತಿರುವುದೇ, ಅದು ಯಾವಾಗ ಬರುತ್ತದೆ ಅಂತ ಕಾಯುವುದೇ ಮಜಾ. ಮದುವೆಮನೆಯಲ್ಲಿ ಹಳೇ ಕಥೆಯನ್ನೇ ಹೇಳುವ ಸೋದರಮಾವನ ಸುತ್ತ ಮಕ್ಕಳು ಸೇರುತ್ತಾರೆ ಅಲ್ವಾ, ಹಾಗೆ. ಆದರೆ ಬರೀ ಇಷ್ಟೇ ಆಗಿದ್ದರೆ ನನಗೂ ಬೇಗ ಬೇಜಾರಾಗುತ್ತಿತ್ತು.

ಟೆಡ್, ರಾಲ್ಫ್ ಜೋಡಿಯನ್ನು ನೋಡಿ. ರಾಲ್ಫ್ ಜಮೀನ್ದಾರ. ಟೆಡ್ ಅವನ ಎಸ್ಟೇಟಿನಲ್ಲಿ ದುಡಿಯುವ ಐರಿಷ್ ಆಳು. ರಾಲ್ಫ್‌ಗೆ ಅವನ ಮೇಲೆ ಪ್ರೀತಿ. ಬಾಯಿಬಿಟ್ಟು ಹೇಳಲು ಧೈರ್ಯವಿಲ್ಲ. ಅದಕ್ಕೇ ಕೆಳಗಿನ ಹೊಲದಲ್ಲಿ ನೀರು ಸರಿಯಾಗಿ ಬಸಿಯುತ್ತಿದೆಯಾ ಅಂತ ಕೇಳುತ್ತಾನೆ. ಟೆಡ್ ಮುಜುಗರದಿಂದ, ಅದೆಲ್ಲ ನನಗೆ ಗೊತ್ತಾಗಲ್ಲ ಸಾರ್ ಅನ್ನುತ್ತಾನೆ. ಇಬ್ಬರೂ ಸುಮ್ನೆ ನಿಂತಿರುತ್ತಾರೆ. ಧಣಿ ಮತ್ತು ಆಳಿನ ನಡುವಿನ ದೂರ, ಮನಸ್ಸಿನದ್ದನ್ನು ಹೇಳಲಾಗದ ಇಂಗ್ಲಿಷ್ ಸಂಕೋಚ, ಎರಡೂ ಆ ಮೌನದಲ್ಲೇ ಇವೆ. ಹೊಲದ ನೀರಿನ ಮಾತು ಇಷ್ಟು ಕರುಳು ಹಿಂಡುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

ಇನ್ನೊಬ್ಬ ರೌಲಿ ಬರ್ಕಿನ್, ವಯಸ್ಸಾದ ವಕೀಲ. ಬೆಂಕಿಯ ಪಕ್ಕ ಕುಳಿತು ಏನೋ ಗೊಣಗುತ್ತಾನೆ, ನಡುವೆ ಒಂದೆರಡು ಪದ ಕೇಳಿಸುತ್ತದೆ. ಕೊನೆಗೆ, ‘ಆಗ ನಾನು ತುಂಬಾ, ತುಂಬಾ ಕುಡಿದಿದ್ದೆ’ ಅನ್ನುತ್ತಾನೆ. ಎಲ್ಲರೂ ನಗುತ್ತಾರೆ. ಒಂದು ಸಲ ಮಾತ್ರ ಅವನು ಹೇಳುವ ಕಥೆ, ತಾನು ಕಳೆದುಕೊಂಡ ಹೆಣ್ಣೊಬ್ಬಳದು. ಕೊನೆಯ ಮಾತು ಅದೇ, ಆದರೆ ನಗು ಬರುವುದಿಲ್ಲ. ಹಿಂದಿನ ಕಂತುಗಳನ್ನು ನೋಡದವರಿಗೆ ಇದು ತಟ್ಟುವುದೂ ಇಲ್ಲ. ನಿಮಗೂ ಅದೇ ಆಗಿರಬೇಕು.

ಮುಂದಿನ ಸಲ ಸಬ್‌ಟೈಟಲ್ ಹಾಕಿಸಿಕೊಳ್ಳಿ. ರೌಲಿಗೆ ಮಾತ್ರ ಬೇಡ, ಅವನು ಗೊಣಗುವುದು ಇಂಗ್ಲಿಷರಿಗೂ ಅರ್ಥವಾಗುವುದಿಲ್ಲ.