ಮೂತ್ರದ ಪಟ್ಟಿ ಪರೀಕ್ಷೆಯಲ್ಲಿ ನೈಟ್ರೈಟ್ ನೆಗೆಟಿವ್ ಬಂದರೆ ಮೂತ್ರದ ಸೋಂಕು ಇಲ್ಲ ಅಂತಾನಾ?

ಹಾಗೇನಿಲ್ಲ. ಉರಿ ಇದ್ದು, ಪದೇ ಪದೇ ಮೂತ್ರಕ್ಕೆ ಹೋಗಬೇಕು ಅನಿಸುತ್ತಿದ್ದರೆ, ಆ ಒಂದು ನೆಗೆಟಿವ್ ನಂಬಿ ಸುಮ್ಮನಾಗಬೇಡಿ.

ಮೂತ್ರದಲ್ಲಿ ಅದ್ದುವ ಪಟ್ಟಿಯ ಮೇಲೆ ಪುಟ್ಟ ಪುಟ್ಟ ಚೌಕಗಳಿರುತ್ತವೆ. ಒಂದು ಚೌಕ ಗುಲಾಬಿ ಬಣ್ಣಕ್ಕೆ ತಿರುಗಿದರೆ ನೈಟ್ರೈಟ್ ಇದೆ ಎಂದರ್ಥ. ನಾವು ತಿನ್ನುವ ಸೊಪ್ಪು, ತರಕಾರಿಯಿಂದ ಬರುವ ನೈಟ್ರೇಟನ್ನು ಇ. ಕೋಲಿಯಂಥ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತವೆ. ಅದಕ್ಕೆ ಮೂತ್ರವು ಮೂತ್ರಕೋಶದಲ್ಲಿ ಸುಮಾರು 4 ಗಂಟೆ ನಿಂತಿರಬೇಕು. ಉರಿ ಇರುವವರು ಅರ್ಧ ಗಂಟೆಗೊಮ್ಮೆ ಹೋಗಿಬರುತ್ತಿರುತ್ತಾರೆ, ಅಲ್ವಾ? ಪರೀಕ್ಷೆ ಎಡವುವುದು ಅಲ್ಲೇ. ಅದಕ್ಕೇ ಬೆಳಗ್ಗೆ ಎದ್ದ ಕೂಡಲೇ ಹಿಡಿದ ಮೂತ್ರ ಒಳ್ಳೆಯದು. ಎಂಟರೋಕಾಕಸ್‌ನಂಥ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುವುದೇ ಇಲ್ಲ. ಆದರೆ ಲಕ್ಷಣಗಳ ಜೊತೆ ಪಾಸಿಟಿವ್ ಬಂದರೆ ಸೋಂಕು ಬಹುತೇಕ ಖಚಿತ.

ನೇರಳೆಗೆ ತಿರುಗುವ ಚೌಕ ಲ್ಯೂಕೋಸೈಟ್ ಎಸ್ಟರೇಸ್‌ನದು, ಅಂದರೆ ಬಿಳಿ ರಕ್ತಕಣಗಳ ಕಿಣ್ವ. ಮೂತ್ರದ ಕಲ್ಲಿದ್ದರೂ, ಬಿಳಿಸೆರಗು ಬೆರೆತರೂ, ಸೋಂಕಿಲ್ಲದೆಯೇ ಇದು ಪಾಸಿಟಿವ್ ಬರಬಹುದು.

ಅನುಮಾನ ಉಳಿದರೆ ಕಲ್ಚರ್, ಅಂದರೆ ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವ ಪರೀಕ್ಷೆ, ಮಾಡಿಸಿ. 24ರಿಂದ 48 ಗಂಟೆ ಹಿಡಿಯುತ್ತದೆ, ಆದರೆ ಯಾವ ಆಂಟಿಬಯಾಟಿಕ್ ನಾಟುತ್ತದೆ ಎಂಬುದೂ ತಿಳಿಯುತ್ತದೆ. ಮೂತ್ರದಲ್ಲಿ ಐಎಲ್-6, ಎನ್‌ಗ್ಯಾಲ್‌ನಂಥ ಪ್ರೋಟೀನ್ ಅಳೆಯುವ ಹೊಸ ಪರೀಕ್ಷೆಗಳು ಸದ್ಯ ಸಂಶೋಧನೆಯಲ್ಲೇ ಜಾಸ್ತಿ.

ನನಗೆ ನಿಜಕ್ಕೂ ಬೇಸರ ತರುವುದು ಇದರ ಉಲ್ಟಾ. ಏನೂ ತೊಂದರೆಯಿಲ್ಲದ ವಯಸ್ಸಾದವರಿಗೆ ಪಟ್ಟಿಯ ಬಣ್ಣ ನೋಡಿ ಸುಮ್ನೆ ಆಂಟಿಬಯಾಟಿಕ್ ಕೊಡುತ್ತಾರೆ. ಅವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಹಾನಿ ಮಾಡದೆಯೂ ಇರುತ್ತವೆ. ಆದರೆ ಗರ್ಭಿಣಿಯರಿಗೆ, ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಕಂಡರೆ, ಲಕ್ಷಣ ಇಲ್ಲದಿದ್ದರೂ ಚಿಕಿತ್ಸೆ ಬೇಕು.

ಚಳಿಜ್ವರ, ಪಕ್ಕೆನೋವು ಇದ್ದರೆ ಪಟ್ಟಿ ಏನೇ ಹೇಳಲಿ, ಅವತ್ತೇ ಡಾಕ್ಟರ್ ಹತ್ತಿರ ಹೋಗಿ.