ಮೇಲಿಂದ ಶುರು ಮಾಡಿ, ಬೆಳಿಗ್ಗೆ ಹತ್ತರೊಳಗೆ ಮುಗಿಸಿ

ಮಂಡಿನೋವಿರುವ ತಾಯಿಯನ್ನು ಕರೆದುಕೊಂಡು ಹಾಂಕಾಂಗ್‌ನ ಗುಡ್ಡದ ಬೀದಿಗಳನ್ನು ಅಲ್ಲಿನ ಎಸ್ಕಲೇಟರ್ ಮೇಲೆ ನೋಡಬಹುದಾ ಅಂತ ಕೇಳಿದ್ದೀರಿ. ಖಂಡಿತ ನೋಡಬಹುದು. ಆದರೆ ಗಡಿಯಾರ ನೋಡಿಕೊಂಡು ಹೋಗಬೇಕು. ಅದು ತಿಳಿಯದೆ ನಾನು ನಮ್ಮ ಆಯಿಗೆ, ಅಂದರೆ ಅಮ್ಮನಿಗೆ, ತೊಂದರೆ ಕೊಟ್ಟಿದ್ದೇನೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಮ್ಮದು ಶಿರಸಿ ಹತ್ತಿರದ ಹಳ್ಳಿ. ಮನೆ ಮೇಲೆ, ಅಡಿಕೆ ತೋಟ ಕೆಳಗೆ. ಆಯಿ ನಲವತ್ತು ವರ್ಷ ಆ ಮೆಟ್ಟಿಲು ಹತ್ತಿ ಇಳಿದವಳು. ಈಗ ಅವಳ ಮಾತು ಒಂದೇ: "ಹತ್ತಲೆ ಅಡ್ಡಿಲ್ಲೆ ತಮಾ, ಇಳಿಯಲೇ ಆಗ್ತಿಲ್ಲೆ." ಮಂಡಿ ಸವೆದವರಿಗೆಲ್ಲ ಇದು ಗೊತ್ತು. ಹತ್ತುವಾಗ ದಮ್ಮು ಬರುತ್ತದೆ, ಇಳಿಯುವಾಗ ಮೈಭಾರವೆಲ್ಲ ಮಂಡಿಯ ಮೇಲೆ ಬೀಳುತ್ತದೆ.

ಇನ್ನು ಆ ಎಸ್ಕಲೇಟರ್ ವಿಷಯ. ಅದು ಪ್ರವಾಸಿಗರಿಗೆ ಅಂತ ಕಟ್ಟಿದ್ದಲ್ಲ. ಗುಡ್ಡದ ಮೇಲಿನ ಮಿಡ್‌ಲೆವೆಲ್ಸ್‌ನಲ್ಲಿ ಮನೆ ಇರುವವರು ಕೆಳಗಿನ ಸೆಂಟ್ರಲ್‌ನ ಆಫೀಸುಗಳಿಗೆ ಹೋಗಿಬರಲಿ, ರಸ್ತೆಯಲ್ಲಿ ವಾಹನ ಕಡಿಮೆಯಾಗಲಿ ಅಂತ 1993ರಲ್ಲಿ ಶುರುವಾಯಿತು. ಒಟ್ಟು ಉದ್ದ ಸುಮಾರು 800 ಮೀಟರ್, ಏರುವ ಎತ್ತರ 135 ಮೀಟರ್. ಒಂದೇ ಉದ್ದನೆಯದ್ದಲ್ಲ, ಇಪ್ಪತ್ತರಷ್ಟು ತುಂಡುಗಳು. ನಡುನಡುವೆ ಬೀದಿಗಳಿಗೆ ಇಳಿಯುವ ಜಾಗ. ಮೇಲೆ ಮಾಡು ಇದೆ, ಮಳೆಗೆ ಹೆದರಬೇಕಿಲ್ಲ. ದುಡ್ಡೂ ಇಲ್ಲ.

ಈಗ ಮುಖ್ಯ ಮಾತು. ಅದು ಒಂದು ಹೊತ್ತಿಗೆ ಒಂದೇ ದಿಕ್ಕಿಗೆ ಓಡುತ್ತದೆ. ಬೆಳಿಗ್ಗೆ 6ರಿಂದ 10ರವರೆಗೆ ಕೆಳಮುಖ, ಯಾಕೆಂದರೆ ಜನ ಕೆಲಸಕ್ಕೆ ಇಳಿಯುವ ಹೊತ್ತು. 10ರ ನಂತರ ಮಧ್ಯರಾತ್ರಿವರೆಗೆ ಮೇಲ್ಮುಖ. ನಾವು ಹೋಗಿದ್ದು ಸಂಜೆ ನಾಲ್ಕಕ್ಕೆ. ಆರಾಮಾಗಿ ತುದಿಯ ಕಾಂಡ್ಯುಟ್ ರೋಡ್‌ವರೆಗೆ ಹೋದೆವು. ಆಯಿಗೆ ಬಹಳ ಖುಷಿ. ವಾಪಸ್ ಬರಲು ತಿರುಗಿದರೆ ಪಕ್ಕದಲ್ಲಿ ಬರೀ ಮೆಟ್ಟಿಲು. ಟ್ಯಾಕ್ಸಿ ಹಿಡಿಯೋಣ ಅಂದೆ, ಆಯಿ "ಸುಮ್ನೆ ಖರ್ಚು ಯಾಕೆ" ಅಂದಳು, ನಾನೂ ಒಪ್ಪಿಬಿಟ್ಟೆ. ಅರ್ಧ ದಾರಿಗೇ ಅವಳ ಮುಖ ಬಾಡಿತ್ತು. ರಾತ್ರಿ ಮಂಡಿ ಊದಿಕೊಂಡಿತು. ಆ ರಾತ್ರಿ ಬಿಸಿನೀರಿನ ಶಾಖ ಕೊಡುತ್ತಾ ನನಗಾದ ಸಂಕಟ ಇವತ್ತಿಗೂ ಮರೆತಿಲ್ಲ.

ಎರಡು ದಿನ ಬಿಟ್ಟು ಉಲ್ಟಾ ಮಾಡಿದೆವು. ಬೆಳಿಗ್ಗೆ ಎಂಟಕ್ಕೆ ಟ್ಯಾಕ್ಸಿಯಲ್ಲಿ ಕಾಂಡ್ಯುಟ್ ರೋಡ್‌ಗೆ ಹೋಗಿ ಅಲ್ಲಿಂದ ಎಸ್ಕಲೇಟರ್‌ನಲ್ಲಿ ಇಳಿಯುತ್ತಾ ಬಂದೆವು. ನೀವೂ ಹೀಗೇ ಮಾಡಿ. ಮೇಲಿನ ಭಾಗ ಬರೀ ಎತ್ತರದ ಮನೆಗಳು, ಬಟ್ಟೆ ಒಣಗಿಸಿದ ಕಿಟಕಿಗಳು, ಬೇಗ ದಾಟುತ್ತದೆ. ಶೆಲ್ಲಿ ಸ್ಟ್ರೀಟ್‌ನಲ್ಲಿ ಹಸಿರು ಬಣ್ಣದ ಜಾಮಿಯಾ ಮಸೀದಿ ಸಿಗುತ್ತದೆ. ಈಗಿನ ಕಟ್ಟಡ 1915ರದ್ದು. ಅದರ ಅಂಗಳದಷ್ಟು ಮೌನ ಆ ಊರಲ್ಲಿ ನನಗೆ ಬೇರೆಲ್ಲೂ ಸಿಗಲಿಲ್ಲ. ಇನ್ನೂ ಕೆಳಗೆ ಹಾಲಿವುಡ್ ರೋಡ್ ಬರುತ್ತದೆ. ಅಲ್ಲಿಂದ ಕಾಲುಸೇತುವೆ ಮೇಲೇ ತೈ ಕ್ವುನ್‌ಗೆ ಹೋಗಬಹುದು. ಹಳೆ ಪೊಲೀಸ್ ಠಾಣೆ, ಜೈಲು, ಎಲ್ಲ ದುರಸ್ತಿ ಮಾಡಿ 2018ರಲ್ಲಿ ಜನರಿಗೆ ತೆರೆದಿದ್ದಾರೆ. ಕೂರಲು ಜಾಗ ಇದೆ, ತಾಯಿಗೆ ಅಲ್ಲಿ ವಿಶ್ರಾಂತಿ ಕೊಡಿ.

ಆದರೆ ನಮ್ಮ ಆಯಿ ಅರಳಿದ್ದು ಪಕ್ಕದ ಗ್ರಹಾಂ ಸ್ಟ್ರೀಟ್‌ನ ತರಕಾರಿ ಸಂತೆಯಲ್ಲಿ. ಕೆಸುವಿನ ಗಡ್ಡೆ, ಹಾಗಲಕಾಯಿ, ಬೂದುಗುಂಬಳ ಕಂಡು ನಿಂತೇಬಿಟ್ಟಳು. ಗಡ್ಡೆ ಕೈಗೆ ತಗೊಂಡು, ಉಗುರಿಂದ ಸ್ವಲ್ಪ ಕೆರೆದು, ಇದು ತುರಿಸುವ ಜಾತಿ ಅಲ್ಲ ಅಂತ ಹೇಳಿದಳು. ಅಂಗಡಿಯ ಅಜ್ಜಿಗೆ ಕನ್ನಡ ಬರದು, ಇವಳಿಗೆ ಕ್ಯಾಂಟೊನೀಸ್ ಬರದು. ಇಬ್ಬರೂ ಕೈಸನ್ನೆಯಲ್ಲೇ ಹತ್ತು ನಿಮಿಷ ಮಾತಾಡಿದರು. ಈ ಸಂತೆಯ ಬೀದಿ ಇಳಿಜಾರು, ಕಾಲಡಿ ಒದ್ದೆ. ಕೈ ಹಿಡಿದೇ ನಡೆಸಿ. ಕೊನೆಯ ತುಂಡನ್ನೂ ಹತ್ತರೊಳಗೆ ಇಳಿದುಬಿಡಿ. ತಡವಾದರೆ ಟ್ಯಾಕ್ಸಿಗೆ ಕೈ ಮಾಡಿ, ಖರ್ಚಿನ ಮಾತು ಕೇಳಬೇಡಿ.

ಇಂಥದ್ದು ಶ್ರೀಮಂತ ಊರಿಗೆ ಮಾತ್ರ ಅಂದುಕೊಳ್ಳಬೇಡಿ. ಕೊಲಂಬಿಯಾದ ಮೆಡೆಲಿನ್‌ನಲ್ಲಿ ಗುಡ್ಡಕ್ಕೆ ಅಂಟಿಕೊಂಡ ಬಡವರ ಕೇರಿ ಕಮ್ಯೂನಾ 13ಕ್ಕೆ 2011ರಲ್ಲಿ ಆರು ತುಂಡುಗಳ, 384 ಮೀಟರ್ ಉದ್ದದ ಎಸ್ಕಲೇಟರ್ ಹಾಕಿದರು. ನಮ್ಮ ಮುರ್ಡೇಶ್ವರದ ಗೋಪುರದಲ್ಲಿ ಲಿಫ್ಟ್ ಇರುವುದರಿಂದಲೇ ಅಲ್ವಾ ಆಯಿಯಂಥವರು ಮೇಲಿಂದ ಸಮುದ್ರ ನೋಡುತ್ತಿರುವುದು? ಗೋಕರ್ಣದ ಓಂ ಬೀಚಿನ ಮೆಟ್ಟಿಲ ಮುಂದೆ ನಿಂತು "ನೀವು ಹೋಗಿ ಬನ್ನಿ, ನಾನು ಇಲ್ಲೇ ಕೂರುತ್ತೇನೆ" ಅನ್ನುವ ಹಿರಿಯರನ್ನು ಕಂಡಾಗ ನನಗೆ ಆ ಊರುಗಳ ನೆನಪಾಗುತ್ತದೆ.

ಒಂದು ಮಾತು ಬಿಟ್ಟುಹೋಗಿತ್ತು. ಇಪ್ಪತ್ತು ತುಂಡು ಅಂದರೆ ಇಪ್ಪತ್ತು ಸಲ ಓಡುವ ಮೆಟ್ಟಿಲಿಗೆ ಕಾಲಿಟ್ಟು ಇಳಿಯಬೇಕು. ಸೀರೆಯಾದರೆ ನೆರಿಗೆ ಸ್ವಲ್ಪ ಮೇಲೆ ಕಟ್ಟಲಿ, ಚಪ್ಪಲಿ ಹಿಂದೆ ಪಟ್ಟಿ ಇರುವುದೇ ಇರಲಿ. ಬಲಗಡೆ ನಿಲ್ಲಿ, ನೀವು ಒಂದು ಮೆಟ್ಟಿಲು ಮುಂದೆ ಕೆಳಗಿರಿ. ಹೊರಡುವ ಮೊದಲು ಹುಬ್ಬಳ್ಳಿಯ ಮಾಲ್‌ಗೆ ಕರೆದುಕೊಂಡು ಹೋಗಿ ನಾಲ್ಕು ಸಲ ಹತ್ತಿಸಿ ಇಳಿಸಿ. ನಾವು ಎರಡು ಭಾನುವಾರ ಹಾಗೆ ಮಾಡಿದ್ದೆವು.